ಗೇರ್ ಬೀಳದಿದ್ದರೆ, ಬಾಕ್ಸ್ ಇಳಿಸುವ ಮೊದಲು

ಈ ಸಲದ ಗಾಡಿ ಪ್ರಶ್ನೋತ್ತರಕ್ಕೆ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗೇರ್‌ಗೆ ಸಂಬಂಧಿಸಿದವು. ಲಕ್ಷಣಗಳು ಬೇರೆ ಬೇರೆ, ಕೊನೆಯ ಸಾಲು ಮಾತ್ರ ಬಹುತೇಕ ಒಂದೇ: ‘ಗೇರ್ ಬಾಕ್ಸ್ ಇಳಿಸಬೇಕು ಅಂತಾರೆ, ಇಳಿಸಲೇ?’ ಅದಕ್ಕೇ ಈ ಸಂಚಿಕೆಯನ್ನು ಪೂರ್ತಿ ಗೇರ್‌ಗೇ ಬಿಟ್ಟುಕೊಟ್ಟಿದ್ದೇವೆ. ಪತ್ರ ಬರೆದವರ ಹೆಸರು ಬಿಟ್ಟು ಊರಷ್ಟೇ ಕೊಟ್ಟಿದೆ.

ಮುಂಜಾನಿ ಗಾಡಿ ಛಲೋ ಇರ್ತದ. ಮಧ್ಯಾಹ್ನ ಸೂಪರ್ ಮಾರ್ಕೆಟ್ ಗದ್ದಲದಾಗ ಹದಿನೈದು ನಿಮಿಷ ನಿಂತು ನಿಂತು ಹೋದ್ರ ಒಂದನೇ ಗೇರ್ ಬೀಳಂಗಿಲ್ಲ, ರಿವರ್ಸ್ ಹಾಕಿದ್ರ ಕರ್ರ್ ಅಂತದ. ಇಂಜಿನ್ ಬಂದ್ ಮಾಡಿದ್ರ ಎಲ್ಲಾ ಗೇರ್ ಆರಾಮ ಬೀಳ್ತಾವ. ಗೇರ್ ಬಾಕ್ಸ್ ಬಿಚ್ಚಬೇಕು ಅಂತ ಹೇಳ್ಯಾರ. ಡೀಸೆಲ್ ಗಾಡಿ, 78,000 ಕಿ.ಮೀ. ಆಗ್ಯಾದ. ಕ್ಲಚ್ ಆಯಿಲ್‌ದು, ಕೇಬಲ್‌ದಲ್ಲ.
— ಕಲಬುರಗಿ

ಬಿಚ್ಚಿಸಬೇಡಿ. ಇಂಜಿನ್ ಬಂದ್ ಮಾಡಿದಾಗ ಎಲ್ಲ ಗೇರ್ ಆರಾಮವಾಗಿ ಬೀಳುತ್ತವೆ ಎಂದು ನೀವೇ ಬರೆದಿದ್ದೀರಿ. ಅಂದರೆ ಬಾಕ್ಸಿನ ಒಳಗೆ ಗೇರನ್ನು ಕೂಡಿಸುವ ಸ್ಲೀವ್, ಅದನ್ನು ಸರಿಸುವ ಫೋರ್ಕ್, ಹೊರಗಿನ ಗೇರ್ ಕೇಬಲ್ ಇವೆಲ್ಲ ತಮ್ಮ ಜಾಗಕ್ಕೆ ಹೋಗಿ ಕೂರುತ್ತಿವೆ. ಇಂಜಿನ್ ತಿರುಗುವಾಗ ಮಾತ್ರ ಬೀಳುತ್ತಿಲ್ಲ ಎಂದರೆ, ಪೆಡಲ್ ಪೂರ್ತಿ ಒತ್ತಿದರೂ ಇಂಜಿನ್ನಿನ ತಿರುಗಾಟ ಬಾಕ್ಸಿಗೆ ಹರಿಯುವುದು ನಿಲ್ಲುತ್ತಿಲ್ಲ. ಕ್ಲಚ್ ಬಿಡುತ್ತಿಲ್ಲ ಎಂದು ಗ್ಯಾರೇಜಿನಲ್ಲಿ ಹೇಳುವುದು ಇದನ್ನೇ.

ಖಚಿತ ಮಾಡಿಕೊಳ್ಳಲು ಎರಡು ಪರೀಕ್ಷೆಗಳಿವೆ, ಪಾನಾ ಬೇಕಿಲ್ಲ. ಗಾಡಿ ಬಿಸಿಯಾಗಿ ತೊಂದರೆ ಶುರುವಾದ ಹೊತ್ತಿನಲ್ಲೇ ಮಾಡಿ, ತಣ್ಣಗಿದ್ದಾಗ ಮಾಡಿದರೆ ಏನೂ ಗೊತ್ತಾಗದು. ಒಂದು: ನ್ಯೂಟ್ರಲ್‌ನಲ್ಲಿ ಇಂಜಿನ್ ಸುಮ್ಮನೆ ನಡೆಯುತ್ತಿರಲಿ, ಕ್ಲಚ್ ಪೂರ್ತಿ ಒತ್ತಿ ಐದು ಸೆಕೆಂಡ್ ಎಣಿಸಿ, ನಂತರ ರಿವರ್ಸ್ ಹಾಕಿ. ಒತ್ತಿದ ತಕ್ಷಣ ಹಾಕಿದರೆ ಸದ್ದಾಗುವುದು ಅನೇಕ ಗಾಡಿಗಳಲ್ಲಿ ಸಹಜ, ಒಳಗಿನ ಶಾಫ್ಟ್ ನಿಲ್ಲಲು ಸ್ವಲ್ಪ ಸಮಯ ಬೇಕು. ಐದು ಸೆಕೆಂಡ್ ಆದ ಮೇಲೂ ಕರ್ರ್ ಎಂದರೆ ಶಾಫ್ಟನ್ನು ಕ್ಲಚ್ ಇನ್ನೂ ತಿರುಗಿಸುತ್ತಿದೆ. ಎರಡು: ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲದ ಕಡೆ, ಒಂದನೇ ಗೇರಿನಲ್ಲಿ ಕ್ಲಚ್ ಒತ್ತಿ ಹಿಡಿದು ಹ್ಯಾಂಡ್ ಬ್ರೇಕ್ ಬಿಡಿ. ಗಾಡಿ ತಾನಾಗಿ ತೆವಳಬಾರದು. ಮೊದಲು ನಿಂತಿದ್ದು ಅರ್ಧ ನಿಮಿಷದ ನಂತರ ತೆವಳಲು ಶುರುಮಾಡಿದರೆ, ಪೆಡಲ್ ಒತ್ತಿದಾಗ ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಒತ್ತಡ ಹಿಡಿದಿಡುತ್ತಿಲ್ಲ. ಹೊರಗೆ ಒಂದು ಹನಿ ಸೋರದೆಯೂ ಹೀಗಾಗುತ್ತದೆ, ಏಕೆಂದರೆ ಆಯಿಲ್ ಸೀಲನ್ನು ದಾಟಿ ಡಬ್ಬಿಗೇ ವಾಪಸ್ ಹೋಗುತ್ತದೆ.

ಇನ್ನು ಪೆಡಲನ್ನು ನಾಲ್ಕೈದು ಸಲ ಬೇಗ ಬೇಗ ಒತ್ತಿ ನೋಡಿ. ಆಮೇಲೆ ಗೇರ್ ಸಲೀಸಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಸವೆದಿದೆ. ಮುಂಜಾನೆ ಸರಿ, ಮಧ್ಯಾಹ್ನ ಇಲ್ಲ ಎಂಬುದಕ್ಕೆ ಕಾರಣವೂ ಇಲ್ಲೇ ಇದೆ. ಕ್ಲಚ್‌ಗೆ ಹಾಕುವುದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಅದರ ದರ್ಜೆಗಳಲ್ಲಿ ಒಂದಾದ ಡಾಟ್ 3 ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹಿಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿ 230 ಮತ್ತು 155. ಹೊರಗೆ 42 ಡಿಗ್ರಿ, ಕೆಳಗೆ ಕಾದ ಡಾಂಬರು, ಪಕ್ಕದಲ್ಲಿ ಸೈಲೆನ್ಸರ್ ಪೈಪ್, ಮೇಲಿಂದ ಪೆಡಲ್ ಅರ್ಧ ಒತ್ತಿ ಓಡಿಸುವ ಹಾಫ್ ಕ್ಲಚ್‌ನ ಕಾವು. ಬಿಸಿಗೆ ಲೈನಿನಲ್ಲಿನ ಗಾಳಿ ಹಿಗ್ಗುತ್ತದೆ, ಹಳೆಯ ಆಯಿಲ್‌ನಲ್ಲಿ ಆವಿಯ ಗುಳ್ಳೆಗಳೂ ಏಳಬಹುದು. ಆಗ ಪೆಡಲ್ ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಹೋಗಿ, ಕ್ಲಚ್‌ಗೆ ತಲುಪುವುದು ಅರ್ಧ. ಬಿಸಿಲನ್ನು ಬೈದು ಪ್ರಯೋಜನವಿಲ್ಲ, ಆಯಿಲ್ ಬದಲಿಸಬೇಕು.

ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಎಷ್ಟೋ ಗಾಡಿಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಡಬ್ಬಿ. ಕ್ಲಚ್‌ಗೆ ಹೋಗುವ ಪೈಪ್ ಅದರ ಪಕ್ಕದಲ್ಲಿ ಸ್ವಲ್ಪ ಮೇಲಿರುತ್ತದೆ. ಕ್ಲಚ್ ಲೈನ್ ಸೋರಿದರೂ ಬ್ರೇಕ್‌ಗೆ ಆಯಿಲ್ ಉಳಿಯಲಿ ಎಂದು ಹಾಗೆ ಮಾಡಿರುತ್ತಾರೆ. ಹಾಗಾಗಿ ಮಟ್ಟ ಇಳಿದಾಗ ಬ್ರೇಕ್ ಗಟ್ಟಿಯಾಗಿಯೇ ಇದ್ದು ಕ್ಲಚ್ ಮೊದಲು ಕೈಕೊಡುತ್ತದೆ. ಹೊಸ ಆಯಿಲ್ ತಿಳಿ ಜೇನಿನ ಬಣ್ಣದ್ದು. ನಿಮ್ಮದು ಡಿಕಾಕ್ಷನ್ ಹಾಗೆ ಕಪ್ಪಾಗಿದ್ದರೆ ರಬ್ಬರ್ ಸೀಲ್ ಕರಗಿ ಸೇರುತ್ತಿದೆ.

ಸೋರಿಕೆ ಹುಡುಕಬೇಕಾದ ಜಾಗ ಮೂರು. ಪೆಡಲ್ ಮೇಲ್ಗಡೆ ಕೈಯಾಡಿಸಿ, ಮಾಸ್ಟರ್ ಸಿಲಿಂಡರಿನ ಕಡ್ಡಿಯ ಬುಡ ಒದ್ದೆಯಿದ್ದರೆ ಅದೇ ಕಳ್ಳ. ಕೆಳಗೆ ಬಾಕ್ಸಿನ ಮೇಲೆ, ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಇದ್ದರೆ ಅದರ ರಬ್ಬರ್ ಟೋಪಿಯ ಅಂಚು ಎತ್ತಿ ನೋಡಿ, ಒಳಗೆ ಆಯಿಲ್ ನಿಂತಿರಬಾರದು. ಕೆಲವು ಮಾದರಿಗಳಲ್ಲಿ ಸ್ಲೇವ್ ಸಿಲಿಂಡರ್ ಬಾಕ್ಸಿನ ಬಾಯೊಳಗೆ, ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ಜೊತೆಗೇ ಇರುತ್ತದೆ. ಅದು ಸೋರಿದರೆ ಇಂಜಿನ್–ಗೇರ್ ಬಾಕ್ಸ್ ಕೂಡುವಲ್ಲಿ ಕೆಳಗಡೆ ಹನಿ ಕಾಣುತ್ತದೆ. ಮೂರು ಸೋರಿಕೆಗಳಲ್ಲಿ ಆ ಒಂದಕ್ಕೆ ಮಾತ್ರ ಬಾಕ್ಸ್ ಇಳಿಸದೆ ಗತಿಯಿಲ್ಲ.

ಸೋರಿಕೆ ಇಲ್ಲದಿದ್ದರೆ ಹಳೆಯದನ್ನು ಹೊರಹಾಕಿ ಗಾಳಿ ತೆಗೆಯುವ ಕೆಲಸ ಇಬ್ಬರಿಗೆ ಅರ್ಧ ಗಂಟೆಯದು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ 4 ಎಂದು ಬರೆದಿರುತ್ತದೆ, ಅದೇ ತನ್ನಿ. ಸೀಲ್ ಒಡೆಯದ 500 ಮಿ.ಲೀ. ಡಬ್ಬಿ ಸಾಕು. ಅಂಗಡಿಯಲ್ಲಿ ಅರ್ಧ ಖಾಲಿಯಾಗಿ ನಿಂತದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಸ್ಲೇವ್ ಸಿಲಿಂಡರಿನ ನಿಪ್ಪಲ್‌ಗೆ ಮೊದಲು ರಿಂಗ್ ಪಾನಾ ಕೂರಿಸಿ, ಅದರ ಮೇಲೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ, ಆಯಿಲ್ ಬಂದ ಕೂಡಲೇ ಬಿಗಿಯಲಿ. ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಈ ಕ್ರಮ ತಪ್ಪಿದರೆ ಗಾಳಿ ಹೊರಹೋಗುವ ಬದಲು ಒಳಬರುತ್ತದೆ. ಪೆಡಲ್ ತಾನಾಗಿ ಮೇಲೆ ಬರದಿದ್ದರೆ ಕೈಯಿಂದ ಎತ್ತಿ. ಗುಳ್ಳೆ ನಿಂತು ತಿಳಿ ಆಯಿಲ್ ಬರುವವರೆಗೆ ಮಾಡಿ, ಎರಡು ಮೂರು ಒತ್ತಿಗೊಮ್ಮೆ ಡಬ್ಬಿ ತುಂಬುತ್ತಿರಿ. ಮೈಬಣ್ಣದ ಮೇಲೆ ಚೆಲ್ಲಿದರೆ ಪೇಂಟ್ ಎದ್ದುಬರುತ್ತದೆ, ತಕ್ಷಣ ನೀರು ಸುರಿಯಿರಿ. ಆಯಿಲ್ ಕಡಿಮೆಯಿದೆ ಎಂದು ಇಂಜಿನ್ ಆಯಿಲ್ ಅಥವಾ ಸ್ಟೀರಿಂಗ್ ಆಯಿಲ್ ಸುರಿಯುವವರಿದ್ದಾರೆ. ಸೀಲ್‌ಗಳೆಲ್ಲ ಉಬ್ಬಿ ಕೆಡುತ್ತವೆ, ಡಬ್ಬಿ ಒಂದೇ ಆಗಿದ್ದರೆ ಬ್ರೇಕೂ ಹೋಗುತ್ತದೆ.

ಇಷ್ಟೆಲ್ಲ ಆಗಿ, ಪೆಡಲ್ ಒತ್ತಿದಾಗ ಸ್ಲೇವ್ ಸಿಲಿಂಡರಿನ ಕಡ್ಡಿ ಪೂರ್ತಿ ಚಲಿಸುತ್ತಿದ್ದರೂ ಕ್ಲಚ್ ಬಿಡದಿದ್ದರೆ, ಆಗ ತೊಂದರೆ ಕ್ಲಚ್‌ನ ಒಳಗಿದೆ: ಡೊಂಕಾದ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ದಣಿದಿರುವುದು, ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗಳಿಗೆ (ಸ್ಪ್ಲೈನ್) ತುಕ್ಕು ಹಿಡಿದಿರುವುದು. ಆಗ ಬಾಕ್ಸ್ ಇಳಿಸಿ. ಆಗಲೂ ಇಳಿಸುವುದು ಕ್ಲಚ್‌ಗಾಗಿ ಎಂಬುದು ನೆನಪಿರಲಿ, ಬಾಕ್ಸಿನ ಹೊಟ್ಟೆ ಸೀಳುವ ಅಗತ್ಯವಿಲ್ಲ.

ಹೊಸ ದಪ್ಪ ಮ್ಯಾಟ್, ಸೀಟ್ ಕವರ್ ಹಾಕಿಸಿ ಒಂದು ವಾರವಾಯಿತು. ಅಂದಿನಿಂದ ಒಂದನೇ ಗೇರ್ ಬಿಗಿ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?
— ಆಳಂದ

ಇದೆ. ಚಾಲಕನ ಕಡೆಯ ಮ್ಯಾಟ್ ತೆಗೆದು ಹೊರಗಿಟ್ಟು ಓಡಿಸಿ ನೋಡಿ. ಪೆಡಲ್ ಕೊನೆಯ ಒಂದು ಇಂಚು ಇಳಿಯದಿದ್ದರೆ ಸಾಕು, ಕ್ಲಚ್ ಪೂರ್ತಿ ಬಿಡದು. ಸೀಟ್ ಕವರ್‌ನಿಂದ ನೀವು ಕೂರುವ ರೀತಿ ಬದಲಾಗಿ ಕಾಲು ಪೂರ್ತಿ ನಿಲುಕದಿದ್ದರೂ ಇದೇ ಆಗುತ್ತದೆ.

ಡಿಸೆಂಬರ್–ಜನವರಿಯಲ್ಲಿ ಮುಂಜಾನೆ ಮೊದಲ ಎರಡು ಕಿ.ಮೀ. ಎರಡನೇ ಗೇರ್ ಬೀಳಲು ಮೊಂಡು ಹಿಡಿಯುತ್ತದೆ. ಬಲವಾಗಿ ತಳ್ಳಿದರೆ ಸದ್ದಾಗುತ್ತದೆ. ಗಾಡಿ ಬಿಸಿಯಾದ ಮೇಲೆ ಏನೂ ಇಲ್ಲ. ಆರು ತಿಂಗಳ ಹಿಂದೆ ಗೇರ್ ಆಯಿಲ್ ಬದಲಿಸಿದ್ದೆ. ಅದಕ್ಕೂ ಮೊದಲು ಇರಲಿಲ್ಲ.
— ಬೀದರ್

ನಿಮ್ಮ ಕೊನೆಯ ಎರಡು ವಾಕ್ಯಗಳ ಮೇಲೆಯೇ ನಮ್ಮ ಅನುಮಾನ. ಹಾಕಿದ ಆಯಿಲ್ ಯಾವುದು ಎಂದು ಬಿಲ್ ತೆಗೆದು ನೋಡಿ. ಬೀದರಿನ ಚಳಿ ಈ ಮೂರು ಜಿಲ್ಲೆಗಳಲ್ಲೇ ಹೆಚ್ಚು. ಆ ಚಳಿಯಲ್ಲಿ ದಪ್ಪ ಆಯಿಲ್ ಕಾಕಂಬಿಯ ಹಾಗೆ ನಡೆದುಕೊಳ್ಳುತ್ತದೆ.

ಗೇರ್ ಬದಲಾಗುವಾಗ ಒಳಗೆ ನಡೆಯುವುದು ಇಷ್ಟು: ಸಿಂಕ್ರೊ ಎಂಬ ಹಿತ್ತಾಳೆಯ ಬಳೆ ಗೇರಿನ ಶಂಕುವಿನಾಕಾರದ ಮೈಯನ್ನು ಉಜ್ಜಿ, ಎರಡರ ವೇಗವನ್ನು ಸಮ ಮಾಡುತ್ತದೆ. ಸಮವಾದ ಮೇಲೆ ಸ್ಲೀವ್ ಸರಿದು ಹಲ್ಲಿಗೆ ಹಲ್ಲು ಕೂರುತ್ತದೆ. ಬಳೆಯ ಒಳಮೈಯಲ್ಲಿರುವ ಸಣ್ಣ ಗೀರುಗಳು ನಡುವಿನ ಆಯಿಲ್ ಪದರವನ್ನು ಕತ್ತರಿಸಿ ಸರಿಸಬೇಕು. ಆಯಿಲ್ ಗಟ್ಟಿಯಿದ್ದರೆ ಪದರ ಸರಿಯದು, ಬಳೆ ಜಾರುತ್ತದೆ, ವೇಗ ಸಮವಾಗದು. ಒಂದು ಮತ್ತು ಎರಡನೇ ಗೇರಿನ ನಡುವೆ ವೇಗದ ಅಂತರ ಹೆಚ್ಚಿರುವುದರಿಂದ ತೊಂದರೆ ಮೊದಲು ಎರಡರಲ್ಲೇ ಕಾಣುತ್ತದೆ.

ಆಯಿಲ್ ಎಷ್ಟು ದಪ್ಪ ಎಂಬುದರ ಗುರುತಾದ 75ಡಬ್ಲ್ಯೂ–80 ಎಂಬಲ್ಲಿ 75 ಚಳಿಯದು, 80 ಬಿಸಿಯದು. ಈಚಿನ ಸಣ್ಣ ಕಾರುಗಳಿಗೆ ಹೆಚ್ಚಾಗಿ 75ಡಬ್ಲ್ಯೂ–80 ಅಥವಾ 75ಡಬ್ಲ್ಯೂ–85 ಹೇಳಿರುತ್ತಾರೆ. ಆದರೆ ಗೇರ್ ಆಯಿಲ್ ಕೊಡಿ ಎಂದಷ್ಟೇ ಕೇಳಿದರೆ ನಮ್ಮ ಕಡೆ ಅಂಗಡಿಯಲ್ಲಿ ಕೈಗೆ ಬರುವುದು ಟ್ರ್ಯಾಕ್ಟರ್‌ಗೂ ಲಾರಿಯ ಹೌಸಿಂಗ್‌ಗೂ ಹಾಕುವ 90 ನಂಬರ್, ಇಲ್ಲವೇ 140. ಅದು ಕೆಟ್ಟ ಆಯಿಲ್ ಏನಲ್ಲ, ನಿಮ್ಮ ಬಾಕ್ಸಿಗೆ ಹೊಂದದು ಅಷ್ಟೇ.

ಇನ್ನೊಂದು ಗುರುತೂ ನೋಡಬೇಕು: ಜಿಎಲ್–4, ಜಿಎಲ್–5. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಮೇಲು ಎಂದು ಮಾರುವವರಿದ್ದಾರೆ. ಜಿಎಲ್–5ರಲ್ಲಿ ಭಾರೀ ಒತ್ತಡ ತಡೆಯುವ ಗಂಧಕ–ರಂಜಕದ ಸೇರ್ಪಡೆ ಹೆಚ್ಚು. ಚಕ್ರಗಳಿಗೆ ತಿರುಗಾಟ ಹಂಚುವ ಡಿಫರೆನ್ಷಿಯಲ್‌ಗೆ ಅದು ಬೇಕು. ಹಿತ್ತಾಳೆ ಬಳೆಯಿರುವ ಬಾಕ್ಸಿನಲ್ಲಿ ಅದೇ ಸೇರ್ಪಡೆ ಹಿತ್ತಾಳೆಯನ್ನು ತಿನ್ನಬಹುದು, ಉಜ್ಜಬೇಕಾದ ಬಳೆಯನ್ನು ಜಾರಿಸಲೂಬಹುದು. ಗಾಡಿಯ ಕೈಪಿಡಿಯಲ್ಲಿ ಜಿಎಲ್–4 ಎಂದಿದ್ದರೆ ಜಿಎಲ್–4ನ್ನೇ ಹಾಕಿ.

ಬದಲಿಸುವಾಗ ಹತ್ತು ಕಿ.ಮೀ. ಓಡಿಸಿ ಆಯಿಲ್ ಬಿಸಿ ಮಾಡಿಕೊಳ್ಳಿ. ಗಾಡಿ ಸಮತಟ್ಟಾಗಿ ನಿಂತಿರಲಿ, ಒಂದೇ ಕಡೆ ಜ್ಯಾಕ್ ಎತ್ತಿದರೆ ಅಳತೆ ತಪ್ಪುತ್ತದೆ. ಮೊದಲು ಬಿಚ್ಚಬೇಕಾದ್ದು ಮೇಲಿನ, ತುಂಬುವ ಬೋಲ್ಟ್. ಕೆಳಗಿನದನ್ನು ಬಿಚ್ಚಿ ಎಲ್ಲ ಹರಿಸಿದ ಮೇಲೆ ಮೇಲಿನದು ಜಾಮ್ ಆಗಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ ಉಳಿಯುತ್ತದೆ. ಕೆಳಗಿನ ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ ಬೂದು ಲೇಪ ಸಹಜ, ಒರೆಸಿಹಾಕಿ. ಚೂರು, ಹಲ್ಲಿನ ತುಂಡು ಸಹಜವಲ್ಲ. ಹರಿದ ಆಯಿಲ್‌ನಲ್ಲಿ ಬಿಸಿಲಿಗೆ ಹಿಡಿದಾಗ ಬಂಗಾರದ ಪುಡಿಯಂತೆ ಮಿನುಗಿದರೆ ಅದು ಸಿಂಕ್ರೊ ಬಳೆಯ ಸವೆತ. ವಾಷರ್ ಹೊಸದು ಹಾಕಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 2ರಿಂದ 2.5 ಲೀಟರ್ ಹಿಡಿಯುತ್ತದೆ. ತುಂಬುವ ತೂತಿನ ಕೆಳ ಅಂಚಿಗೆ ಆಯಿಲ್ ಬಂದು ಹೊರಚೆಲ್ಲಲು ಶುರುವಾದರೆ ಅಳತೆ ಸರಿ. ಬೋಲ್ಟಿಗೆ ಪೈಪ್ ಹಾಕಿ ಬಿಗಿಯಬೇಡಿ, ಅಲ್ಯುಮಿನಿಯಂ ಬಾಕ್ಸಿನ ತಿರುಪಿನ ಆಟೆ ಹರಿಯುತ್ತದೆ.

ಸರಿಯಾದ ಆಯಿಲ್ ಹಾಕಿದ ಮೇಲೂ ಚಳಿಯಲ್ಲಿ ಮೊದಲ ಒಂದೆರಡು ಬದಲಾವಣೆ ಸ್ವಲ್ಪ ಬಿಗಿ ಇದ್ದರೆ ಅದನ್ನು ರೋಗ ಎನ್ನಬೇಡಿ. ಮೊದಲ ಒಂದು ಕಿ.ಮೀ. ನಿಧಾನ ಓಡಿಸಿ, ಲಿವರನ್ನು ಎರಡರ ಬಾಯಿಗೆ ಒತ್ತಿ ಹಿಡಿದರೆ ಅದೇ ಒಳಗೆ ಇಳಿಯುತ್ತದೆ.

ನಾಲ್ಕರಿಂದ ಮೂರಕ್ಕೆ ಇಳಿಸುವಾಗ ಮಾತ್ರ ಕರ್ ಎಂಬ ಸದ್ದು. ಬೇರೆ ಯಾವ ಗೇರಿನಲ್ಲೂ ಇಲ್ಲ. ಆಯಿಲ್ ಬದಲಿಸಿದೆ, ಕ್ಲಚ್ ಸೆಟ್ ಕೂಡ ಹೊಸದು ಹಾಕಿಸಿದೆ, ಹೋಗಲಿಲ್ಲ.
— ಶಹಾಪುರ

ಕ್ಲಚ್ ಸೆಟ್ಟಿನ ದುಡ್ಡು ಉಳಿಸಬಹುದಿತ್ತು. ಕ್ಲಚ್ ತಪ್ಪಿದ್ದರೆ ಎಲ್ಲ ಗೇರಿಗೂ, ಮುಖ್ಯವಾಗಿ ಒಂದು ಮತ್ತು ರಿವರ್ಸ್‌ಗೆ, ತೊಂದರೆ ಆಗಬೇಕು. ಒಂದೇ ಗೇರ್ ಕೂಗುತ್ತಿದ್ದರೆ ಆ ಗೇರಿನ ಸಿಂಕ್ರೊ ಬಳೆ ಸವೆದಿದೆ.

ಹಳೆಯ ಲಾರಿ ಚಾಲಕರಿಗೆ ಗೊತ್ತಿರುವ ಡಬಲ್ ಕ್ಲಚ್‌ನಿಂದ ಇದನ್ನು ಖಾತ್ರಿ ಮಾಡಿಕೊಳ್ಳಿ. ಕ್ಲಚ್ ಒತ್ತಿ ನಾಲ್ಕರಿಂದ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ಸ್ವಲ್ಪ ರೇಸ್ ಕೊಡಿ, ಮತ್ತೆ ಕ್ಲಚ್ ಒತ್ತಿ ಮೂರಕ್ಕೆ ಹಾಕಿ. ನ್ಯೂಟ್ರಲ್‌ನಲ್ಲಿ ಕೊಟ್ಟ ರೇಸ್ ಒಳಶಾಫ್ಟಿನ ವೇಗ ಏರಿಸಿ, ಬಳೆ ಮಾಡಬೇಕಾದ ಕೆಲಸವನ್ನು ನೀವೇ ಮಾಡಿದಂತೆ ಆಗುತ್ತದೆ. ಹೀಗೆ ಹಾಕಿದಾಗ ಸದ್ದೇ ಇಲ್ಲದೆ ಬಿದ್ದರೆ ಇನ್ನು ಅನುಮಾನ ಬೇಡ.

ತಕ್ಷಣ ಬಿಚ್ಚಲೇಬೇಕೆಂದಿಲ್ಲ. ಹೀಗೇ ಡಬಲ್ ಕ್ಲಚ್ ಮಾಡುತ್ತ, ವೇಗ ಇನ್ನಷ್ಟು ಇಳಿದ ಮೇಲೆ ಮೂರಕ್ಕೆ ಬರುತ್ತ ತಿಂಗಳುಗಟ್ಟಲೆ ಓಡಿಸಬಹುದು. ಸದ್ದು ಮಾಡಿಸುತ್ತ ಓಡಿಸಿದರೆ ಮಾತ್ರ ಸ್ಲೀವ್ ಮತ್ತು ಗೇರಿನ ಹಲ್ಲಿನ ತುದಿ ದುಂಡಗಾಗಿ ಖರ್ಚು ಬಳೆಯೊಂದಕ್ಕೆ ನಿಲ್ಲದು. ಬಾಕ್ಸ್ ಬಿಚ್ಚಿದ ದಿನ ನೀವೇ ಹೋಗಿ ಎರಡು ವಿಷಯ ನೋಡಿ. ಬಳೆಯನ್ನು ಗೇರಿನ ಮೇಲೆ ಒತ್ತಿಟ್ಟು ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿಸಿ. ಹೊಸದರಲ್ಲಿ ಸುಮಾರು 1 ಮಿ.ಮೀ. ಇರುತ್ತದೆ, ಅರ್ಧ ಮಿ.ಮೀ.ಗೆ ಬಂದಿದ್ದರೆ ಬಳೆ ಮುಗಿದಿದೆ. ಸ್ಲೀವಿನ ಹಲ್ಲಿನ ತುದಿ ಚೂಪಾಗಿದೆಯೇ ಎಂದೂ ನೋಡಿ. ಮೊಂಡಾದ ಸ್ಲೀವ್ ಜೊತೆ ಹೊಸ ಬಳೆ ಹಾಕಿದರೆ ಹೊಸದೂ ಬೇಗ ಹೋಗುತ್ತದೆ. ಬಾಕ್ಸ್ ತೆರೆದಾಗ ಆಯಿಲ್ ಸೀಲ್‌ಗಳನ್ನು ಬದಲಿಸಿಬಿಡಿ, ಅವು ಅಗ್ಗ, ಬಿಚ್ಚುವ ಕೂಲಿ ದುಬಾರಿ.

ಗೇರ್ ಲಿವರ್ ಒಮ್ಮಿಂದೊಮ್ಮೆಲೆ ಸಡಿಲಾಗಿ ಆಕಡೆ ಈಕಡೆ ತೂಗಾಡಾಕತ್ತದ. ಮೂರು–ನಾಲ್ಕು ಅಷ್ಟೇ ಸಿಗ್ತಾವ. ಒಂದು–ಎರಡು, ಐದು ಸಿಗವಲ್ದು. ಬಾಕ್ಸ್ ಒಳಗ ಏನರ ಮುರದದೇನು?
— ಸೇಡಂ

ಒಳಗೆ ಏನೂ ಮುರಿದಿರಲಿಕ್ಕಿಲ್ಲ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಲಿವರಿನಿಂದ ಬಾಕ್ಸಿಗೆ ಸಾಮಾನ್ಯವಾಗಿ ಎರಡು ಕೇಬಲ್ ಹೋಗುತ್ತವೆ. ಒಂದು ಎಡ–ಬಲ ಸಾಲು ಆರಿಸುತ್ತದೆ, ಇನ್ನೊಂದು ಮುಂದೆ–ಹಿಂದೆ ತಳ್ಳುತ್ತದೆ. ಲಿವರ್ ಬಿಟ್ಟಾಗ ಸ್ಪ್ರಿಂಗ್ ಅದನ್ನು ನಡುಸಾಲಿಗೆ ತರುತ್ತದೆ, ಅಲ್ಲಿರುವುದು ಮೂರು–ನಾಲ್ಕು. ಎಡ–ಬಲದ ಕೇಬಲ್ ಕಳಚಿದರೆ ಬಾಕ್ಸ್ ಆ ನಡುಸಾಲಿನಲ್ಲೇ ನಿಲ್ಲುತ್ತದೆ. ನಿಮ್ಮ ಲಕ್ಷಣ ಅದಕ್ಕೆ ಅಳತೆ ಮಾಡಿಸಿದಂತಿದೆ.

ಬಾನೆಟ್ ತೆಗೆದು ಬಾಕ್ಸಿನ ನೆತ್ತಿ ನೋಡಿ, ಇಂಜಿನ್ ಬಂದ್ ಇರಲಿ. ಒಳಗೆ ಕೂತವರು ಲಿವರ್ ಆಡಿಸಿದಂತೆ ಕೇಬಲ್ ತುದಿ ಆಡಬೇಕು, ಅದರ ಜೊತೆಗೆ ಬಾಕ್ಸಿನ ಮೇಲಿನ ಕಬ್ಬಿಣದ ತೋಳೂ ಆಡಬೇಕು. ಕೇಬಲ್ ಆಡಿ ತೋಳು ನಿಂತಿದ್ದರೆ ಎರಡನ್ನೂ ಕೂಡಿಸುವ ಪ್ಲಾಸ್ಟಿಕ್ ಬುಷ್ ಒಡೆದಿದೆ. ಕೇಬಲ್ಲೇ ಆಡದಿದ್ದರೆ ಲಿವರಿನ ಬುಡದ ಬುಷ್ ಅಥವಾ ಕೇಬಲ್ ಒಳತಂತಿ ಹೋಗಿದೆ. ತೋಳನ್ನು ಕೈಯಿಂದ ಆಡಿಸಿದಾಗ ಗೇರ್‌ಗಳು ಟಕ್ ಟಕ್ ಎಂದು ಕೂತರೆ ಬಾಕ್ಸ್ ಆರೋಗ್ಯವಾಗಿದೆ.

ಇಂಜಿನ್ ಕಾವು ಮತ್ತು ಧೂಳು ಸೇರಿ ಈ ಬುಷ್‌ಗಳನ್ನು ತಿನ್ನುತ್ತವೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸಿಮೆಂಟ್ ಮತ್ತು ಪರ್ಸಿ ಕಲ್ಲಿನ ಧೂಳು ಬೇರೆ. ಕೀಲಿಗೆ ಗಟ್ಟಿ ಗ್ರೀಸ್ ಮೆತ್ತಿದರೆ ಅದಕ್ಕೆ ಧೂಳು ಅಂಟಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಒರೆಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿದರೆ ಸಾಕು. ದಾರಿಯಲ್ಲಿ ಹೀಗಾದರೆ ಮೆತ್ತನೆ ಕಬ್ಬಿಣದ ತಂತಿಯಿಂದ ಕೇಬಲ್ ತುದಿಯನ್ನು ತೋಳಿನ ಗುಂಡಿಗೆ ಕಟ್ಟಿ ಊರು ಮುಟ್ಟಬಹುದು. ಕೆಲವು ಗಾಡಿಗಳಿಗೆ ಬುಷ್ ಬಿಡಿಯಾಗಿ ಸಿಗದು, ಕೇಬಲ್ ಸಮೇತ ಕೊಳ್ಳಬೇಕು. ಹೊಸದು ಕೂರಿಸಿದ ಮೇಲೆ ನ್ಯೂಟ್ರಲ್‌ನಲ್ಲಿ ಕೇಬಲ್ ಹೊಂದಾಣಿಕೆ ಮಾಡಿಸದೆ ಬರಬೇಡಿ.

ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟ ಕೂಡಲೇ ನಾಲ್ಕನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಂದುಬಿಡುತ್ತದೆ. ಲಿವರ್ ಹಿಡಿದುಕೊಂಡೇ ಓಡಿಸುತ್ತಿದ್ದೇನೆ.
— ಹುಮನಾಬಾದ್

ಹಿಡಿಯುವುದನ್ನು ಮೊದಲು ನಿಲ್ಲಿಸಿ. ಕೈಯ ಒತ್ತಡ ನೇರ ಒಳಗಿನ ಫೋರ್ಕಿಗೆ ಹೋಗುತ್ತದೆ. ತಿರುಗುವ ಸ್ಲೀವಿಗೆ ಅದು ಸದಾ ಉಜ್ಜಿಕೊಂಡು ತೆಳ್ಳಗಾಗಿ ರೋಗ ಇಮ್ಮಡಿಯಾಗುತ್ತದೆ.

ಪತ್ತೆ ಹೊರಗಿನಿಂದ ಒಳಕ್ಕೆ ನಡೆಯಲಿ. ಲಿವರಿನ ಬುಡದ ರಬ್ಬರ್, ಮೇಲೆ ಹಾಕಿಸಿದ ಭಾರದ ಗುಂಡಿ, ನಡುವಿನ ಪ್ಲಾಸ್ಟಿಕ್ ಡಬ್ಬ ಇವುಗಳಲ್ಲಿ ಯಾವುದಾದರೂ ಲಿವರನ್ನು ಪೂರ್ತಿ ಹೋಗದಂತೆ ತಡೆಯುತ್ತಿದೆಯೇ ನೋಡಿ. ಆಮೇಲೆ ಇಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್: ಬಾನೆಟ್ ತೆರೆದು, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ರೇಸ್ ಕೊಟ್ಟು ಬಿಡಲಿ. ಇಂಜಿನ್ ತೊಟ್ಟಿಲಿನಂತೆ ತೂಗಿದರೆ ರಬ್ಬರ್ ಹರಿದಿದೆ. ಆಕ್ಸಲರೇಟರ್ ಬಿಟ್ಟಾಗ ಇಂಜಿನ್ ಹಿಂದಕ್ಕೆ ವಾಲಿ ಗೇರ್ ಕೇಬಲನ್ನೋ ರಾಡನ್ನೋ ಎಳೆದು ಗೇರ್ ಬಿಡಿಸುತ್ತದೆ. ಮೂರನೆಯದು ಕೇಬಲ್ ಹೊಂದಾಣಿಕೆ. ಇವೆಲ್ಲ ಸರಿಯಿದ್ದರೆ ಮಾತ್ರ ಬಾಕ್ಸ್. ಗೇರನ್ನು ಜಾಗದಲ್ಲಿ ಹಿಡಿದಿಡುವ ಗುಂಡು–ಸ್ಪ್ರಿಂಗ್ ಎಷ್ಟೋ ಬಾಕ್ಸ್‌ಗಳಲ್ಲಿ ಹೊರಗಿನ ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತವೆ, ಅದನ್ನು ಮೊದಲು ನೋಡಲಿ. ಫೋರ್ಕ್ ಮತ್ತು ಹಲ್ಲು ಕೊನೆಯದು. ಅಲ್ಲಿಯವರೆಗೆ ಇಳಿಜಾರಿನಲ್ಲಿ ಮೂರರಲ್ಲೇ ಇಳಿಯಿರಿ. ಗೇರ್ ಬಿಟ್ಟ ಗಾಡಿಗೆ ಇಂಜಿನ್ ಹಿಡಿತವಿರದು, ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ.

ಭೀಮಾ ನದಿಯ ನೀರು ಬಂದಾಗ ಗಾಡಿ ಎರಡು ದಿನ ಚಕ್ರ ಮುಳುಗುವಷ್ಟು ನೀರಿನಲ್ಲಿತ್ತು. ಒಂದು ತಿಂಗಳು ಹಾಗೇ ನಿಲ್ಲಿಸಿದ್ದೆವು. ಇಂಜಿನ್ ಆಯಿಲ್, ಫಿಲ್ಟರ್ ಬದಲಿಸಿ ಚಾಲು ಮಾಡಿದೆವು. ಇಂಜಿನ್ ಸರಿ, ಗೇರ್ ಮಾತ್ರ ಒಂದೂ ಬೀಳುತ್ತಿಲ್ಲ.
— ಅಫಜಲಪುರ

ಎರಡು ಕೆಲಸಗಳಿವೆ, ಕ್ರಮ ಮುಖ್ಯ. ಮೊದಲು ಗೇರ್ ಆಯಿಲ್. ಬಾಕ್ಸಿನ ನೆತ್ತಿಯಲ್ಲಿ ಉಸಿರಾಡಲು ಒಂದು ಸಣ್ಣ ತೂತಿರುತ್ತದೆ, ಸೀಲ್‌ಗಳೂ ಇವೆ. ಮುಳುಗಿದಾಗ ಅಲ್ಲಿಂದ ನೀರು ಒಳಗೆ ಹೋಗುತ್ತದೆ. ಕೆಳಗಿನ ಬೋಲ್ಟ್ ನಿಧಾನ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ತಿಂಗಳು ನಿಂತ ಗಾಡಿಯಲ್ಲಿ ಅದು ತಳ ಹಿಡಿದು ಮೊದಲು ಬರುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೂ ನೀರು ಸೇರಿದೆ ಎಂದೇ ಅರ್ಥ. ಪೂರ್ತಿ ಹರಿಸಿ, ಅದೇ ಗ್ರೇಡಿನ ಆಯಿಲ್ ತುಂಬಿ, ಕೆಳಗೆ ಹೇಳಿದ ಎರಡನೆಯ ಕೆಲಸವೂ ಮುಗಿದ ಮೇಲೆ 15–20 ಕಿ.ಮೀ. ಓಡಿಸಿ ಅದನ್ನೂ ಹರಿಸಿ, ಮತ್ತೆ ಹೊಸದು ತುಂಬಬೇಕು. ಒಂದೇ ಸಲ ಬದಲಿಸಿದರೆ ಬೇರಿಂಗ್ ಸಂದಿಯ ನೀರು ಉಳಿದು ತುಕ್ಕಾಗುತ್ತದೆ.

ಎರಡನೆಯದು, ಗೇರ್ ಬೀಳದಿರುವ ನಿಜವಾದ ಕಾರಣ: ಕ್ಲಚ್ ಪ್ಲೇಟ್ ತುಕ್ಕಿನಿಂದ, ಇಂಜಿನ್ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್‌ಗೆ ಅಂಟಿದೆ. ಬಿಡಿಸಲು ಒಂದು ಉಪಾಯವಿದೆ, ಬ್ರೇಕ್ ಸರಿಯಾಗಿ ಹಿಡಿಯುತ್ತಿದ್ದರೆ ಮಾತ್ರ, ಬಯಲು ಜಾಗದಲ್ಲಿ ಮಾತ್ರ, ಮುಂದೆ ಹಿಂದೆ ಮಂದಿ–ದನ ಇಲ್ಲದಂತೆ ನೋಡಿಕೊಂಡು. ಇಂಜಿನ್ ಬಿಸಿ ಮಾಡಿ ಬಂದ್ ಮಾಡಿ. ಎರಡನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಗಾಡಿ ಜರ್ಕ್ ಹೊಡೆದು ಓಡಲು ಶುರುಮಾಡುತ್ತದೆ. ಕ್ಲಚ್ ಬಿಡದೆ, ರೇಸ್ ಕೊಡಿ–ಬಿಡಿ, ಕೊಡಿ–ಬಿಡಿ. ಆ ಎಳೆತಕ್ಕೆ ಪ್ಲೇಟ್ ಟಪ್ ಎಂದು ಕಳಚಿಕೊಳ್ಳುತ್ತದೆ, ಗಾಡಿ ಕ್ಲಚ್‌ನ ಮಾತು ಕೇಳುತ್ತದೆ. ಎರಡು ಮೂರು ಸಲಕ್ಕೆ ಆಗದಿದ್ದರೆ ಬಲವಂತ ಬೇಡ, ಪ್ಲೇಟಿನ ಲೈನಿಂಗ್ ಕಿತ್ತುಬರುತ್ತದೆ. ಆಗ ಬಾಕ್ಸ್ ಇಳಿಸಿ ಕ್ಲಚ್ ಒರೆಸಿ ನೋಡಬೇಕು. ಬ್ರೇಕ್ ಡ್ರಮ್‌ಗಳನ್ನೂ ತೆಗೆಸಿ ಸ್ವಚ್ಛ ಮಾಡಿಸದೆ ರಸ್ತೆಗೆ ಇಳಿಸಬೇಡಿ.

ಕ್ಲಚ್ ಒತ್ತಿದಾಗ ಕಿರ್ರ್ ಎಂಬ ಸದ್ದು, ಬಿಟ್ಟರೆ ಇಲ್ಲ. ಇದು ಗೇರ್ ಬಾಕ್ಸ್ ಬೇರಿಂಗೇ?
— ಸುರಪುರ

ರಿಲೀಸ್ ಬೇರಿಂಗ್. ಇದಕ್ಕೆ ತದ್ವಿರುದ್ಧವಾಗಿ, ನ್ಯೂಟ್ರಲ್‌ನಲ್ಲಿ ನಿಂತಾಗ ಸದ್ದಿದ್ದು ಕ್ಲಚ್ ಒತ್ತಿದರೆ ನಿಂತರೆ ಅದು ಬಾಕ್ಸಿನ ಒಳಶಾಫ್ಟಿನ ಬೇರಿಂಗ್. ಒಂದೇ ಗೇರಿನಲ್ಲಿ ಸದ್ದಿದ್ದರೆ ಆ ಗೇರು. ಓಡುವಾಗ ನ್ಯೂಟ್ರಲ್‌ಗೆ ತಂದರೂ ಸದ್ದು ಹೋಗದೆ, ಗಾಡಿಯ ವೇಗದ ಜೊತೆ ಏರಿಳಿದರೆ ಚಕ್ರದ ಬೇರಿಂಗ್ ಮೊದಲು ನೋಡಿ. ನಿಮ್ಮದು ಕೇಬಲ್ ಕ್ಲಚ್ ಆಗಿದ್ದರೆ ಪೆಡಲ್‌ನ ಖಾಲಿ ಆಟವನ್ನೂ ಅಳೆಯಿರಿ. ಕೈಯಿಂದ ಒತ್ತಿದಾಗ ಬಿಗಿ ಸಿಗುವ ಮೊದಲು ಹೆಚ್ಚಿನ ಗಾಡಿಗಳಲ್ಲಿ 10–25 ಮಿ.ಮೀ. ಇರುತ್ತದೆ, ನಿಖರ ಅಂಕಿ ಕೈಪಿಡಿಯಲ್ಲಿದೆ. ಆಟ ಸೊನ್ನೆಯಾದರೆ ಬೇರಿಂಗ್ ಬಿಡುವಿಲ್ಲದೆ ತಿರುಗಿ ಸಾಯುತ್ತದೆ, ಪ್ಲೇಟೂ ಜಾರುತ್ತದೆ. ಆಟ ಹೆಚ್ಚಾದರೆ ಕ್ಲಚ್ ಬಿಡದು, ಗೇರ್ ಬೀಳದು.

ಹಿಂದೆ ತೊಗರಿ ಚೀಲ ಹೇರಿದಾಗ ನಾಲ್ಕನೇ ಗೇರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಈಗ ಕ್ಲಚ್ ಹೋಗಿದೆ ಎಂದು ಒಪ್ಪಿಕೊಂಡಿದ್ದೇನೆ. ಬಾಕ್ಸ್ ಇಳಿಸಿದಾಗ ಏನೇನು ಹಾಕಿಸಬೇಕು, ಏನು ಬೇಡ?
— ಯಾದಗಿರಿ

ಒಪ್ಪಿಕೊಂಡದ್ದು ಸರಿ, ಕ್ಲಚ್ ಜಾರುತ್ತಿದೆ. ಕೇಬಲ್ ಬಿಗಿಯಾಗಿ ಖಾಲಿ ಆಟ ಹೋಗಿಲ್ಲ ಎಂದು ಮಾತ್ರ ಒಮ್ಮೆ ನೋಡಿಕೊಳ್ಳಿ, ಅದೊಂದೇ ಅಗ್ಗದ ಸಾಧ್ಯತೆ.

ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಪ್ಲೇಟ್ ಒಂದೇ ಹಾಕಿ ದುಡ್ಡು ಉಳಿಸಿದರೆ, ಆರು ತಿಂಗಳಿಗೆ ಬೇರಿಂಗ್ ಕೂಗಿದಾಗ ಇಳಿಸುವ ಕೂಲಿ ಮತ್ತೆ ಕೊಡಬೇಕು. ಫ್ಲೈವೀಲ್ ಮುಖದಲ್ಲಿ ನೀಲಿ ಕಲೆ, ಬಿರುಕು, ಉಗುರಿಗೆ ಸಿಗುವ ಗೀರು ಇದೆಯೇ ನೋಡಿ. ಇದ್ದರೆ ಲೇತ್‌ನಲ್ಲಿ ಮುಖ ಹೊಡೆಸಬೇಕು. ಡೀಸೆಲ್ ಗಾಡಿಯಲ್ಲಿ ಎರಡು ಹೋಳಿನ, ಸ್ಪ್ರಿಂಗ್ ಇರುವ ಫ್ಲೈವೀಲ್ ಇದ್ದರೆ ಅದನ್ನು ಲೇತ್‌ಗೆ ಕೊಡಬೇಡಿ, ಅದಕ್ಕೆ ಬೇರೆ ಅಳತೆಗಳಿವೆ. ಹಳೆಯ ಪ್ಲೇಟ್ ಮೇಲೆ ಆಯಿಲ್ ಕಲೆ ಇದ್ದರೆ ಇಂಜಿನ್ನಿನ ಹಿಂದಿನ ಸೀಲ್ ಇಲ್ಲವೇ ಬಾಕ್ಸಿನ ಮುಂದಿನ ಸೀಲ್ ಸೋರುತ್ತಿದೆ. ಅದನ್ನು ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಅದೂ ನೆನೆಯುತ್ತದೆ. ಸ್ಪ್ಲೈನ್‌ಗೆ ಗ್ರೀಸ್ ಸವರಿ ಒರೆಸಿದಷ್ಟೇ ಇರಲಿ. ಮೆತ್ತಿದರೆ ಸಿಡಿದು ಲೈನಿಂಗ್‌ಗೆ ಬಡಿಯುತ್ತದೆ. ಬಾಕ್ಸ್ ಆಯಿಲ್ ಹೇಗೂ ಹರಿದಿರುತ್ತದೆ, ಹಳೆಯದನ್ನೇ ವಾಪಸ್ ಹಾಕಲು ಬಿಡಬೇಡಿ.

ಬೇಡವಾದದ್ದು: ಬಾಕ್ಸ್ ಇಳಿದಿದೆ, ಒಳಗೂ ನೋಡಿಬಿಡೋಣ ಎಂಬ ಮಾತು. ಸದ್ದಿಲ್ಲದ, ಗೇರ್ ಬಿಡದ ಬಾಕ್ಸನ್ನು ತೆರೆಸಬೇಡಿ. ಬಿಚ್ಚಿದ ಹಳೆಯ ಮೂರೂ ಸಾಮಾನುಗಳನ್ನು ಡಿಕ್ಕಿಗೆ ಹಾಕಿಸಿಕೊಂಡು ಬನ್ನಿ, ಬದಲಿಸಿದ್ದು ನಿಜವೇ ಎಂಬುದಕ್ಕೆ ಅದೇ ರಸೀದಿ. ಹೊಸ ಪ್ಲೇಟ್ ಹೊಂದಿಕೊಳ್ಳಲು ಮೊದಲ 500 ಕಿ.ಮೀ. ಚೀಲ ಹೇರಬೇಡಿ.